ಮೂರು ಪ್ಯಾಲೆಟ್ ಸರಕು ಸಮುದ್ರ ದಾಟುವ ಬಗೆ

ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್ ಕಡೆಗೆ ದಿನವೂ ಓಡಾಡುವವರಲ್ಲಿ ಕಂಟೇನರ್ ಲಾರಿಯ ಹಿಂದೆ ಸಿಕ್ಕಿಕೊಳ್ಳದವರು ಕಡಿಮೆ. ಆ ಲಾರಿಗಳಲ್ಲಿ ಹಲವು ಹೋಗುವುದು ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋಗೆ. ಸುತ್ತಲಿನವರು ಅದನ್ನು ಐಸಿಡಿ ಎನ್ನುತ್ತಾರೆ. ಕಡಲಿಲ್ಲದ ಊರಿಗೆ ಅದೇ ಬಂದರು. ಕಸ್ಟಮ್ಸ್ ತಪಾಸಣೆ ಇಲ್ಲೇ ಮುಗಿಯುತ್ತದೆ. ಸೀಲು ಬಿದ್ದ ಪೆಟ್ಟಿಗೆ ರೈಲಿನಲ್ಲೋ ಲಾರಿಯಲ್ಲೋ ಸುಮಾರು 350 ಕಿಲೋಮೀಟರ್ ದೂರದ ಚೆನ್ನೈ ಸೇರಿ ಹಡಗು ಹತ್ತುತ್ತದೆ. ದೇಶದಲ್ಲಿ ಇಂಥ ಡಿಪೋ ಮೊಟ್ಟಮೊದಲು ಶುರುವಾದದ್ದು ಬೆಂಗಳೂರಿನಲ್ಲೇ, 1981ರಲ್ಲಿ, ರೈಲ್ವೆಯ ಉಸ್ತುವಾರಿಯಲ್ಲಿ. 1988ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಟೇನರ್ ಸಾಗಣೆ ಸಂಸ್ಥೆ ಕಾನ್ಕಾರ್ ಮರುವರ್ಷ ರೈಲ್ವೆಯ ಏಳು ಡಿಪೋಗಳನ್ನು ವಹಿಸಿಕೊಂಡಿತು.

ಇಷ್ಟು ಹತ್ತಿರ ಬಂದರಿದ್ದರೂ ಮಹದೇವಪುರದ, ದೊಡ್ಡನೆಕ್ಕುಂದಿಯ ಸಣ್ಣ ವರ್ಕ್‌ಶಾಪ್ ಮಾಲೀಕರಲ್ಲಿ ಅನೇಕರು ರಫ್ತು ಎಂದರೆ ಹಿಂಜರಿಯುತ್ತಾರೆ. ಕಂಟೇನರ್ ತುಂಬುವಷ್ಟು ಸರಕು ತಮ್ಮಲ್ಲಿಲ್ಲ ಎಂಬುದು ಅವರ ಅಳುಕು. ತುಂಬಬೇಕಾಗಿಯೂ ಇಲ್ಲ. 20 ಅಡಿಯ ಪೆಟ್ಟಿಗೆಯ ಒಳಗೆ ಸುಮಾರು 33 ಘನ ಮೀಟರ್ ಜಾಗವಿರುತ್ತದೆ. ಒಂದು ಮೀಟರ್ ಎತ್ತರದ, 1.2 ಮೀಟರ್ ಉದ್ದ, 1 ಮೀಟರ್ ಅಗಲದ ಮೂರು ಪ್ಯಾಲೆಟ್‌ಗಳಿಗೆ ಬೇಕಾದದ್ದು 3.6 ಘನ ಮೀಟರ್, ಅಂದರೆ ಒಂಬತ್ತನೇ ಒಂದು ಪಾಲು. ಉಳಿದ ಜಾಗಕ್ಕೆ ಬೇರೆಯವರ ಸರಕು ಹುಡುಕಿ ತುಂಬುವುದೇ ಒಬ್ಬರ ಕಸುಬು. ಅವರನ್ನು ಕನ್ಸಾಲಿಡೇಟರ್ ಎನ್ನುತ್ತಾರೆ. ಹೀಗೆ ಹಂಚಿಕೊಂಡ ಸರಕು ಎಲ್‌ಸಿಎಲ್, ಇಡೀ ಪೆಟ್ಟಿಗೆ ಒಬ್ಬರದೇ ಆದರೆ ಎಫ್‌ಸಿಎಲ್.

ಕಾಗದದ ಮಟ್ಟದಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಹಡಗು ಕಂಪನಿಗೆ ಗೊತ್ತಿರುವುದು ಕನ್ಸಾಲಿಡೇಟರ್ ಒಬ್ಬರೇ. ಇಡೀ ಪೆಟ್ಟಿಗೆಗೆ ಒಂದು ಮಾಸ್ಟರ್ ಬಿಲ್, ಅಂದರೆ ಸರಕು ಪಡೆದುದಕ್ಕೆ ಹಡಗು ಕಂಪನಿ ಕೊಡುವ ಪತ್ರ, ಅವರ ಹೆಸರಿಗೆ ಬರುತ್ತದೆ. ನಮ್ಮ ವರ್ಕ್‌ಶಾಪಿನವರ ಕೈಗೆ ಸಿಗುವುದು ಕನ್ಸಾಲಿಡೇಟರ್ ಬರೆದುಕೊಟ್ಟ ಹೌಸ್ ಬಿಲ್. ಏನಾದರೂ ಎಡವಟ್ಟಾದರೆ ಅವರು ಮೊದಲು ಕೇಳಬೇಕಾದ್ದು ಆ ಕನ್ಸಾಲಿಡೇಟರನ್ನೇ. ಆದ್ದರಿಂದ ದರಕ್ಕಿಂತ ಮೊದಲು ಆಳು ಯಾರೆಂದು ವಿಚಾರಿಸಬೇಕು.

ದರದ ಲೆಕ್ಕ ಕಷ್ಟದ್ದಲ್ಲ. ಒಂದು ಟನ್ನನ್ನು ಒಂದು ಘನ ಮೀಟರಿಗೆ ಸಮ ಎಂದಿಟ್ಟುಕೊಂಡು, ತೂಕ ಮತ್ತು ಗಾತ್ರ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಬಾಡಿಗೆ ಹಾಕುತ್ತಾರೆ. ಮೇಲಿನ ಮೂರು ಪ್ಯಾಲೆಟ್‌ಗಳಲ್ಲಿ ಐದು ಟನ್ ಕಬ್ಬಿಣದ ಬಿಡಿಭಾಗಗಳಿದ್ದರೆ ಐದಕ್ಕೆ ಬಾಡಿಗೆ. ಚನ್ನಪಟ್ಟಣದ ಗೊಂಬೆಗಳಿದ್ದರೆ, ಎಷ್ಟೇ ಹಗುರವಾಗಿದ್ದರೂ, 3.6ಕ್ಕೆ ಬಾಡಿಗೆ. ಕನ್ಸಾಲಿಡೇಟರನ ಜಾಣ್ಮೆ ಇರುವುದು ಇಲ್ಲೇ. ಕಬ್ಬಿಣ ಪೆಟ್ಟಿಗೆಯ ಭಾರಮಿತಿಯನ್ನು ಬೇಗ ಮುಟ್ಟುತ್ತದೆ, ಆದರೆ ಜಾಗ ಉಳಿಸುತ್ತದೆ. ಗೊಂಬೆ ಜಾಗ ತಿನ್ನುತ್ತದೆ, ಆದರೆ ಭಾರ ಹಾಕುವುದಿಲ್ಲ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹೊಂದಿಸಿದರೆ ಆ ಪೆಟ್ಟಿಗೆ ಇಬ್ಬರ ಬಾಡಿಗೆಯನ್ನೂ ದುಡಿಯುತ್ತದೆ. ಬಗೆಬಗೆಯ ಕಸುಬಿರುವ ಬೆಂಗಳೂರಿನ ಪೂರ್ವಭಾಗಕ್ಕೆ ಈ ಹೊಂದಾಣಿಕೆ ಸಹಜವಾಗಿ ಒದಗಿಬರುತ್ತದೆ ಎಂಬುದು ನನ್ನ ನಂಬಿಕೆ.

ಪೆಟ್ಟಿಗೆ ತುಂಬಿದರೂ ಅದು ಯಾವಾಗಲೂ ನೇರ ಹೋಗುವುದಿಲ್ಲ. ಪ್ರತಿ ಬಂದರಿನಿಂದ ಪ್ರತಿ ಬಂದರಿಗೂ ದೊಡ್ಡ ಹಡಗು ಓಡಿಸುವಷ್ಟು ಸರಕು ಎಲ್ಲೂ ಇಲ್ಲ. ಊರೂರಿನ ಬಸ್ಸುಗಳು ಮೆಜೆಸ್ಟಿಕ್ಕಿಗೆ ಬಂದು ಜನ ಅಲ್ಲಿ ಬಸ್ಸು ಬದಲಿಸುವಂತೆ, ಫೀಡರ್ ಎಂಬ ಸಣ್ಣ ಹಡಗುಗಳು ಕೊಲಂಬೋ, ಸಿಂಗಾಪುರದಂಥ ಹಬ್ ಬಂದರುಗಳಿಗೆ ಪೆಟ್ಟಿಗೆ ತಂದಿಳಿಸುತ್ತವೆ. ಅಲ್ಲಿಂದ ದೈತ್ಯ ಹಡಗು ಎತ್ತಿಕೊಳ್ಳುತ್ತದೆ. ಎಲ್‌ಸಿಎಲ್ ಸರಕಿಗೆ ಇನ್ನೊಂದು ಹೆಜ್ಜೆ ಸೇರಬಹುದು. ಸಿಂಗಾಪುರದಲ್ಲಿ ಪೆಟ್ಟಿಗೆಯನ್ನೇ ಬಿಚ್ಚಿ, ಬೇರೆ ದೇಶಗಳಿಂದ ಬಂದ ಸರಕಿನ ಜೊತೆ ಮತ್ತೆ ವಿಂಗಡಿಸಿ, ಹೊಸ ಪೆಟ್ಟಿಗೆಗೆ ತುಂಬುತ್ತಾರೆ. ಇದರಿಂದ ಸಣ್ಣ ಊರಿಗೂ ಸರಕು ಮುಟ್ಟುತ್ತದೆ. ಆದರೆ ಒಂದೊಂದು ಸಲ ಬಿಚ್ಚಿದಾಗಲೂ ದಿನ ಹೋಗುತ್ತದೆ, ಕೂಲಿ ಬೀಳುತ್ತದೆ, ಪ್ಯಾಲೆಟ್ಟಿಗೆ ಒಂದು ಪೆಟ್ಟೂ ಬೀಳಬಹುದು. ಹೀಗೆ ಹಡಗು ಬದಲಿಸುವ ಭಾರತದ ಸರಕಿನಲ್ಲಿ ಸುಮಾರು ಮುಕ್ಕಾಲು ಪಾಲನ್ನು ವಿದೇಶಿ ಬಂದರುಗಳೇ ನಿಭಾಯಿಸುತ್ತಿದ್ದುದಾಗಿ ಕೇಂದ್ರ ಸರ್ಕಾರವೇ ಹೇಳಿದೆ. 2025ರ ಮೇ ತಿಂಗಳಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಕೇರಳದ ವಿಳಿಂಜಂ ಬಂದರಿನ ಉದ್ದೇಶ ಈ ಪಾಲನ್ನು ಮನೆಗೆ ತರುವುದೇ.

ಪೆಟ್ಟಿಗೆ ಹಂಚಿಕೊಂಡವರು ಒಬ್ಬರ ತಾಪತ್ರಯವನ್ನು ಇನ್ನೊಬ್ಬರೂ ಹಂಚಿಕೊಳ್ಳಬೇಕಾಗುತ್ತದೆ. ಮರದ ಪ್ಯಾಲೆಟ್ಟಿನ ಮೇಲೆ ಹುಳು ಕೊಲ್ಲುವ ಸಂಸ್ಕರಣೆಯ ಅಂತರರಾಷ್ಟ್ರೀಯ ಮುದ್ರೆ ಇರಬೇಕು; ಒಬ್ಬರ ಪ್ಯಾಲೆಟ್ಟಿನಲ್ಲಿ ಅದಿಲ್ಲದಿದ್ದರೆ ಎಲ್ಲರ ಸರಕೂ ನಿಲ್ಲಬಹುದು. ಇದಕ್ಕಿಂತ ದೊಡ್ಡ ಪಾಠ ಸೂಯೆಜ್ ಕಾಲುವೆಯದು. 2021ರ ಮಾರ್ಚ್ 23ರಂದು ಎವರ್ ಗಿವನ್ ಎಂಬ 400 ಮೀಟರ್ ಉದ್ದದ ಹಡಗು ಅಲ್ಲಿ ಅಡ್ಡ ಸಿಕ್ಕಿಕೊಂಡಿತು. ಆರು ದಿನಕ್ಕೆ ಬಿಡಿಸಿದರೂ, ಪರಿಹಾರದ ವಿವಾದದಲ್ಲಿ ಜುಲೈವರೆಗೆ ಈಜಿಪ್ಟ್ ಬಿಟ್ಟು ಹೊರಡಲಾಗಲಿಲ್ಲ. ಹಡಗಿನ ಒಡೆಯರು ಜನರಲ್ ಆವರೇಜ್ ಘೋಷಿಸಿದರು. ಹಡಗು, ಸರಕು ಉಳಿಸಲು ಆದ ಖರ್ಚನ್ನು ಹಡಗಿನ ಒಡೆಯರ ಜೊತೆ ಸರಕಿನವರೆಲ್ಲ ತಮ್ಮ ತಮ್ಮ ಸ್ವತ್ತಿನ ಬೆಲೆಗೆ ತಕ್ಕಂತೆ ಹೊರಬೇಕೆಂಬ ಹಳೆಯ ಕಡಲ ನಿಯಮವದು. ಪಾಲಿನ ಪೆಟ್ಟಿಗೆಯಾದರೆ ಅದರೊಳಗಿನ ಪ್ರತಿಯೊಬ್ಬರೂ ಖಾತರಿ ಕೊಡಬೇಕು. ಒಬ್ಬರು ತಡಮಾಡಿದರೂ ಉಳಿದವರು ಕಾಯಬೇಕು. ವಿಮೆ ಮಾಡಿಸಿದ್ದವರ ಪರವಾಗಿ ವಿಮಾ ಕಂಪನಿ ಖಾತರಿ ಬರೆದುಕೊಡುತ್ತದೆ. ಇಲ್ಲದವರು ನಗದು ಕಟ್ಟಬೇಕು. ಮೂರೇ ಪ್ಯಾಲೆಟ್ ಎಂದು ವಿಮೆ ಬಿಡುವವರು ಇದನ್ನು ಒಮ್ಮೆ ಯೋಚಿಸಬೇಕು.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ದಿನನಿತ್ಯದ ಇನ್ನೊಂದು ಸಂಗತಿ. ಎಲ್‌ಸಿಎಲ್ ಪೈಪೋಟಿಯಲ್ಲಿ ಸಮುದ್ರದ ಬಾಡಿಗೆಯನ್ನು ತೀರಾ ಕಡಿಮೆ, ಕೆಲವೊಮ್ಮೆ ಸೊನ್ನೆ ಎಂದೇ ತೋರಿಸುವುದುಂಟು. ಕಳೆದುಕೊಂಡದ್ದನ್ನು ಆಚೆ ದೇಶದಲ್ಲಿ ಪೆಟ್ಟಿಗೆ ಬಿಚ್ಚುವ, ಗೋದಾಮಿನ, ಕಾಗದ ಕೊಡುವ ಶುಲ್ಕಗಳಾಗಿ ಸರಕು ಪಡೆಯುವವರಿಂದ ವಸೂಲು ಮಾಡುತ್ತಾರೆ. ಇಲ್ಲಿನ ಮಾಲೀಕರಿಗೆ ಬಾಡಿಗೆ ಅಗ್ಗವಾಯಿತೆಂಬ ಸಂತೋಷ; ಅಲ್ಲಿನ ಗಿರಾಕಿಗೆ ನಿರೀಕ್ಷಿಸದ ಬಿಲ್ಲು. ಆತ ಜಗಳವಾಡುವುದಿಲ್ಲ, ಮುಂದಿನ ಆರ್ಡರ್ ಕೊಡುವುದಿಲ್ಲ, ಅಷ್ಟೆ. ಕಷ್ಟಪಟ್ಟು ಸಂಪಾದಿಸಿದ ವಿದೇಶಿ ಗಿರಾಕಿಯನ್ನು ಸಣ್ಣ ಉದ್ದಿಮೆ ಹೀಗೆ ಕಾರಣವೇ ತಿಳಿಯದೆ ಕಳೆದುಕೊಳ್ಳಬಾರದು.

ಇದಕ್ಕೆ ಮದ್ದು ಕೊಟೇಶನ್ನಿನಲ್ಲೇ ಇದೆ. ಪೆಟ್ಟಿಗೆ ವೈಟ್‌ಫೀಲ್ಡಿನಲ್ಲೇ ಮುಚ್ಚುತ್ತದೆಯೋ ಅಥವಾ ಸರಕು ಬಿಡಿಯಾಗಿ ಚೆನ್ನೈಗೆ ಹೋಗಿ ಅಲ್ಲಿ ತುಂಬುತ್ತದೆಯೋ, ದಾರಿಯಲ್ಲಿ ಎಲ್ಲಿ ಬಿಚ್ಚುತ್ತಾರೆ, ತಲುಪಿದ ಮೇಲೆ ಗಿರಾಕಿ ಪ್ರತಿ ಘನ ಮೀಟರಿಗೆ ಎಷ್ಟು ಕಟ್ಟಬೇಕು ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಒಬ್ಬೊಬ್ಬರೇ ಕೇಳಿದರೆ ಉತ್ತರ ಸಿಗದೇ ಹೋಗಬಹುದು. ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘಗಳು ಸದಸ್ಯರ ಪರವಾಗಿ ಈ ದರಗಳನ್ನು ತರಿಸಿ, ಯಾವ ವಾರ ಯಾವ ದೇಶಕ್ಕೆ ಐಸಿಡಿಯಿಂದಲೇ ಪಾಲಿನ ಪೆಟ್ಟಿಗೆ ಹೊರಡುತ್ತದೆ ಎಂಬ ಪಟ್ಟಿಯ ಜೊತೆ ಕನ್ನಡದಲ್ಲಿ ಪ್ರಕಟಿಸಲಿ. ಆ ಕೆಲಸಕ್ಕೆ ಹೊಸ ಕಾನೂನೂ ಬೇಡ, ಹೊಸ ಕಟ್ಟಡವೂ ಬೇಡ.