ಕೆಚ್ಚಲಿಗೆ ಹಾಕಿದ ಮದ್ದು ಕ್ಯಾನಿಗೆ ಬಾರದಿರಲಿ



ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಹೋಗಿದ್ದೆವು. ಒಂದೇ ದನ ಸಾಕಿ ಸಂಸಾರ ತೂಗಿಸುವ ಮನೆ. ಮಾತಿನ ನಡುವೆ ಮನೆಯೊಡತಿ, “ಎರಡು ದಿನದಿಂದ ಮೊಸರೇ ಆಗುವುದಿಲ್ಲ ಫಾದರ್, ಹೆಪ್ಪು ಹಾಳಾಯಿತೋ ಏನೋ” ಎಂದರು. ವಿಚಾರಿಸಿದಾಗ ದನಕ್ಕೆ ಕೆಚ್ಚಲು ಬಾವು ಆಗಿರುವುದೂ ಮೊಲೆಯೊಳಗೆ ಮದ್ದಿನ ಟ್ಯೂಬ್ ಹಾಕಿರುವುದೂ ತಿಳಿಯಿತು. “ಸೊಸೈಟಿಗೆ ಹಾಲು ಕೊಟ್ಟಿರೋ?” ಎಂದು ಕೇಳಿದೆವು. ಆಕೆ ತಲೆ ತಗ್ಗಿಸಿದರು. “ಕೊಟ್ಟಿದ್ದೇವೆ ಫಾದರ್. ಕೊಡದಿದ್ದರೆ ಹಿಂಡಿಯ ಸಾಲ ತೀರಿಸುವುದು ಹೇಗೆ?”

ಆ ತಾಯಿಯನ್ನು ದೂರಲು ನಾವು ಇದನ್ನು ಬರೆಯುತ್ತಿಲ್ಲ. ಅವರ ಪ್ರಶ್ನೆಗೆ ನಾವೆಲ್ಲರೂ ಸೇರಿ ಉತ್ತರ ಕೊಡಬೇಕೆಂಬುದೇ ನಮ್ಮ ಅಭಿಪ್ರಾಯ.

ಹಾಲನ್ನು ಮೊಸರಾಗಿಸುವುದು ಜೀವವಿರುವ ಸೂಕ್ಷ್ಮಾಣುಗಳು. ರೋಗಾಣುವನ್ನು ಕೊಲ್ಲಲು ಹಾಕಿದ ಆ್ಯಂಟಿಬಯೋಟಿಕ್ ಹಾಲಿನಲ್ಲಿ ಉಳಿದಿದ್ದರೆ ಈ ಸೂಕ್ಷ್ಮಾಣುಗಳೂ ಬೆಳೆಯಲಾರವು. ಚಳಿಯಿಂದಲೂ ಹಳೆಯ ಹೆಪ್ಪಿನಿಂದಲೂ ಮೊಸರು ಕೆಡಬಹುದು. ಆದ್ದರಿಂದ ಅದೊಂದೇ ಸಾಕ್ಷಿ ಸಾಲದು. ಆದರೂ ಮದ್ದನ್ನು ಸೂಕ್ಷ್ಮಾಣುಗಳಿಂದಲೇ ಅಳೆಯುವ ವಿದ್ಯೆಗೆ ಮೂಲ ಇದೇ ತತ್ತ್ವ.

1940ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ತಯಾರಿಸುತ್ತಿದ್ದವರಿಗೆ, ದ್ರವದಲ್ಲಿ ಮದ್ದು ಎಷ್ಟಿದೆಯೆಂದು ತಿಳಿಯುವುದೇ ಕಷ್ಟವಾಗಿತ್ತು. ನಾರ್ಮನ್ ಹೀಟ್ಲಿ ಎಂಬವರು ಒಂದು ಉಪಾಯ ಕಂಡುಹಿಡಿದರು. ತಟ್ಟೆಯ ಜೆಲ್ಲಿಯ ಮೇಲೆ ರೋಗಾಣು ಬಿತ್ತಿ, ಅದರ ಮೇಲೆ ಪುಟ್ಟ ಕೊಳವೆಗಳನ್ನಿಟ್ಟು ದ್ರವ ತುಂಬಿಸಿದರು. ಮರುದಿನ ಕೊಳವೆಯ ಸುತ್ತ ರೋಗಾಣು ಬೆಳೆಯದ ಒಂದು ಖಾಲಿ ವೃತ್ತ. ವೃತ್ತ ದೊಡ್ಡದಾದಷ್ಟೂ ಮದ್ದು ಹೆಚ್ಚು. ಕೆಲವು ಆ್ಯಂಟಿಬಯೋಟಿಕ್‌ಗಳ ಬಲವನ್ನು ಇಂದಿಗೂ ಹೀಗೆಯೇ ಅಳೆಯುತ್ತಾರೆ. 1941ರಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸಿನವನಿಗೆ ಪೆನಿಸಿಲಿನ್ ಕೊಟ್ಟಾಗ, ಮದ್ದು ಸಾಲದೆ ಅವನ ಮೂತ್ರದಿಂದಲೇ ಅದನ್ನು ಮರಳಿ ತೆಗೆದು ಚುಚ್ಚಿದರು. ಮೊದಲು ಚೇತರಿಸಿಕೊಂಡರೂ, ಮದ್ದು ಮುಗಿದು ಅವನು ತೀರಿಕೊಂಡ. ಆದರೆ ಒಂದು ಮಾತು ಸ್ಪಷ್ಟವಾಯಿತು: ದೇಹಕ್ಕೆ ಕೊಟ್ಟ ಮದ್ದು ದೇಹದಲ್ಲೇ ಕರಗಿಹೋಗುವುದಿಲ್ಲ, ಹೊರಗೆ ಬರುತ್ತದೆ. ಕರೆಯುವ ದನದಲ್ಲಿ ಅದು ಹಾಲಿನಲ್ಲೂ ಬರುತ್ತದೆ.

ಹಾಲಿನ ಪರೀಕ್ಷೆಯೂ ಸರಳ. ಚಿಕ್ಕ ಗಾಜಿನ ಕುಪ್ಪಿಯಲ್ಲಿ ನೇರಳೆ ಬಣ್ಣದ ಜೆಲ್ಲಿ. ಅದರೊಳಗೆ ಶಾಖದಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ. ಕೆಲವು ಹನಿ ಹಾಲು ಹಾಕಿ ಸುಮಾರು 64 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರು ತಾಸಿನಷ್ಟು ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದು ಹುಳಿ ಮಾಡಿದರೆ ಬಣ್ಣ ಹಳದಿಯಾಗುತ್ತದೆ. ನೇರಳೆಯಾಗಿಯೇ ಉಳಿದರೆ ಹಾಲಿನಲ್ಲಿ ಮದ್ದಿದೆಯೆಂದು ಶಂಕಿಸಬೇಕು.

“ನಮ್ಮ ನಾಲ್ಕು ಲೀಟರು ಅಷ್ಟು ದೊಡ್ಡ ಟ್ಯಾಂಕಿನಲ್ಲಿ ಯಾವ ಲೆಕ್ಕ?” ಎನ್ನುವವರಿದ್ದಾರೆ. ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನದಂಡದಂತೆ ಹಾಲಿನಲ್ಲಿ ಪೆನಿಸಿಲಿನ್ ಕಿಲೋಗೆ 4 ಮೈಕ್ರೋಗ್ರಾಂ ಮೀರಬಾರದು. ಒಂದು ಗ್ರಾಂ ಎಂದರೆ 10 ಲಕ್ಷ ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂ ಮದ್ದು ಸುಮಾರು 2,50,000 ಲೀಟರ್ ಹಾಲನ್ನು ಆ ಮಿತಿಗೆ ಮುಟ್ಟಿಸಬಲ್ಲುದು! ಕುದಿಸಿದರೆ ಹೋಗುತ್ತದೆ ಎಂದು ನಂಬುವಂತೆಯೂ ಇಲ್ಲ. ಪೆನಿಸಿಲಿನ್ ಮೈಗೆ ಆಗದವರಿದ್ದಾರೆ. ಇನ್ನು ರೋಗಾಣುಗಳು ಅಲ್ಪಸ್ವಲ್ಪ ಮದ್ದಿಗೆ ಒಗ್ಗಿಹೋದರೆ, ನಾಳೆ ನಮ್ಮ ಮಕ್ಕಳ ಜ್ವರಕ್ಕೆ ಅದೇ ಮದ್ದು ನಾಟದು.

ಇದರಿಂದ ಗಾಬರಿಪಡಬೇಕಾಗಿಲ್ಲ. 2018ರಲ್ಲಿ ದೇಶದಾದ್ಯಂತ ನಡೆದ ಸರಕಾರಿ ಸಮೀಕ್ಷೆಯಲ್ಲಿ ಪರೀಕ್ಷಿಸಿದ 6,432 ಮಾದರಿಗಳಲ್ಲಿ ಮಿತಿಮೀರಿ ಆ್ಯಂಟಿಬಯೋಟಿಕ್ ಇದ್ದುದು 77ರಲ್ಲಿ. ಬಹುಪಾಲು ಹಾಲು ಶುದ್ಧ. ಆ ಹೆಸರನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

2012ರ ನಿಯಮದಂತೆ, ಮದ್ದು ಕೊಟ್ಟ ಬಳಿಕ ಎಷ್ಟು ದಿನ ಹಾಲು ಬಳಸಬಾರದೆಂಬುದನ್ನು ಪೊಟ್ಟಣದ ಮೇಲೆ ನಮೂದಿಸಬೇಕು. ನಿರ್ದಿಷ್ಟ ಅವಧಿ ಗೊತ್ತಿರದಿದ್ದಲ್ಲಿ ಹಾಲಿಗೆ ಕನಿಷ್ಠ 7 ದಿನ. ಆದರೆ ದಿನಕ್ಕೆ 8 ಲೀಟರ್ ಕೊಡುವ ದನವಾದರೆ 7 ದಿನಕ್ಕೆ 56 ಲೀಟರ್ ಚೆಲ್ಲಬೇಕು. ಹತ್ತು ದನ ಇರುವವರಿಗೆ ಇದು ನಷ್ಟ. ಒಂದೇ ದನ ಇರುವ ಮನೆಗೆ ಇದು ಹೊಟ್ಟೆಯ ಪ್ರಶ್ನೆ. ಹಾಲು ತಿರಸ್ಕರಿಸಿ ಕಳುಹಿಸುವುದಷ್ಟೇ ಸೊಸೈಟಿಯ ಕೆಲಸವಾದರೆ ಬಡವರು ಬಾವನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟದ್ದು ಎಲ್ಲರ ಕ್ಯಾನಿಗೂ ಬರುತ್ತದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ದಿನಕ್ಕೆ 400 ಲೀಟರ್ ಸೇರುವ ಒಂದು ಸೊಸೈಟಿಯಲ್ಲಿ ಪ್ರತಿ ಲೀಟರಿಗೆ 25 ಪೈಸೆ ತೆಗೆದಿರಿಸಿದರೆ ದಿನಕ್ಕೆ 100 ರೂಪಾಯಿ, ತಿಂಗಳಿಗೆ 3,000. ಲೀಟರಿಗೆ 45 ರೂಪಾಯಿಯೆಂದು ಹಿಡಿದರೆ ಆ 56 ಲೀಟರಿಗೆ 2,520 ರೂಪಾಯಿ. ಮುಂಚಿತವಾಗಿ ಬಾವಿನ ಸುದ್ದಿ ತಿಳಿಸಿದವರಿಗೆ ಈ ಹಣದಿಂದ ಪರಿಹಾರ ಸಿಗಲಿ, ಬಚ್ಚಿಟ್ಟವರಿಗೆ ಬೇಡ. ಮುಂದಿನ ಮಹಾಸಭೆಯಲ್ಲಿ ನಮ್ಮ ಹಾಲು ಉತ್ಪಾದಕರು ಈ ವಿಷಯ ಎತ್ತಬೇಕೆಂದು ಕೇಳಿಕೊಳ್ಳುತ್ತೇವೆ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬೇಕಾದದ್ದು: ಪಶುವೈದ್ಯರನ್ನು ಕೇಳದೆ ಟ್ಯೂಬ್ ಹಾಕಬೇಡಿ. ಹಾಲು ಎಷ್ಟು ದಿನ ಬಿಡಬೇಕೆಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಕೊನೆಯ ಟ್ಯೂಬ್ ಹಾಕಿದ ತಾರೀಕನ್ನು ಹಟ್ಟಿಯ ಗೋಡೆಯಲ್ಲಿ ಬರೆದಿಡಿ. ಒಂದೇ ಮೊಲೆಗೆ ಮದ್ದು ಹಾಕಿದರೂ ನಾಲ್ಕೂ ಮೊಲೆಗಳ ಹಾಲನ್ನು ಬಿಡಿ. ಆ ಹಾಲನ್ನು ಕರುವಿಗೂ ಕುಡಿಸದೆ, ಬಾವಿಯಿಂದ ದೂರ ಗುಂಡಿ ತೋಡಿ ಹೊಯ್ಯಿರಿ.

ಆ ತಾಯಿಯ ದನ ಈಗ ಗುಣವಾಗಿದೆ, ಮೊಸರೂ ಗಟ್ಟಿಯಾಗುತ್ತಿದೆ. ಹಿಂಡಿಯ ಸಾಲ ಮಾತ್ರ ಹಾಗೆಯೇ ಇದೆ.