ಎರಡು ಭಾಷೆಯ ಪುಸ್ತಕಗಳಿಗೆ ಒಂದೇ ಅಚ್ಚು ಯಾಕೆ?

ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂತು, ಇನ್ನು ಎಲ್ಲ ಪುಸ್ತಕಗಳೂ ಬೆರಳ ತುದಿಯಲ್ಲಿ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲಿ ಹೆಸರು ಕೊಟ್ಟು ಹುಡುಕಿದರೆ ಎಷ್ಟೋ ಸಲ "ಇಲ್ಲ" ಎಂಬ ಉತ್ತರ ಬರುತ್ತದೆ. ಪುಸ್ತಕ ಮಾತ್ರ ಎದುರಿನ ಕಪಾಟಿನಲ್ಲೇ ಕೂತಿರುತ್ತದೆ!

ತಂತ್ರಾಂಶದ ದೋಷ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೇರಳದ ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ 'ಕೋಹಾ'ವನ್ನೇ ನೋಡಿ. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯ ಸಂಸ್ಥೆಗಾಗಿ ಸಿದ್ಧವಾಗಿ 2000ದ ಜನವರಿಯಲ್ಲಿ ಕೆಲಸ ಆರಂಭಿಸಿದ ಮುಕ್ತ ತಂತ್ರಾಂಶ ಇದು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಒಂದೇ ಯಂತ್ರದಲ್ಲಿ ಹಲವು ದತ್ತಸಂಚಯಗಳನ್ನು ಇಟ್ಟು, ಒಂದೊಂದಕ್ಕೂ ಬೇರೆ ಬೇರೆ ಸೆಟ್ಟಿಂಗ್ ಕೊಡುವ ವ್ಯವಸ್ಥೆ ಅದರಲ್ಲಿದೆ. ಒಂದೇ ದತ್ತಸಂಚಯದ ಒಳಗೂ ಬೇರೆ ಬೇರೆ ನಮೂನೆಗಳನ್ನು ಮಾಡಿಕೊಳ್ಳಬಹುದು. ಇಷ್ಟೆಲ್ಲ ಇದ್ದೂ ಎಲ್ಲದಕ್ಕೂ ಒಂದೇ ಅಚ್ಚು ಒತ್ತಿ ಹೋಗುವವರು ನಾವೇ.

ಇದರಿಂದ ಏನು ನಷ್ಟ ಎಂದು ಕೇಳುವವರಿಗಾಗಿ ಮೂರು ಸಂಗತಿ ಹೇಳುತ್ತೇನೆ.

ಒಂದು, ಭಾಷೆಯ ಸಂಕೇತ. ಪುಸ್ತಕ ಸೇರಿಸುವ ನಮೂನೆಯಲ್ಲಿ ಭಾಷೆಗೆ ಒಂದು ಮನೆ ಇದೆ. ಮಲಯಾಳಕ್ಕೆ 'ಎಂಎಎಲ್', ಕನ್ನಡಕ್ಕೆ 'ಕೆಎಎನ್'. ಕೆಲಸ ಹಗುರವಾಗಲಿ ಎಂದು ಆ ಮನೆಯಲ್ಲಿ ಮೊದಲೇ ಮಲಯಾಳ ತುಂಬಿ ಇಡಬಹುದು. ಮಲಯಾಳ ಪುಸ್ತಕಗಳಿಗೆ ಅದು ಸರಿಯೇ. ಅದೇ ನಮೂನೆಯಲ್ಲಿ ಕನ್ನಡ ಪುಸ್ತಕ ಸೇರಿಸುವಾಗ ಯಾರೂ ತಿದ್ದದಿದ್ದರೆ ಆ ಪುಸ್ತಕ ಲೆಕ್ಕದಲ್ಲಿ ಮಲಯಾಳವಾಗಿ ಬಿಡುತ್ತದೆ. ವರ್ಷದ ಕೊನೆಗೆ ಭಾಷಾವಾರು ಪಟ್ಟಿ ತೆಗೆದಾಗ "ಕನ್ನಡ ಪುಸ್ತಕಗಳು ಓಡುವುದಿಲ್ಲ" ಎಂಬ ತೀರ್ಮಾನ ತಯಾರು. ಮುಂದಿನ ಖರೀದಿಯಲ್ಲಿ ಕತ್ತರಿ ಬೀಳುವುದು ಯಾವುದಕ್ಕೆಂದು ನಾನು ಹೇಳಬೇಕೇ?

ಎರಡು, ಲೇಖಕರ ಹೆಸರು. ಹೆಸರಿನ ಕೊನೆಯ ಪದವನ್ನು ಮೊದಲು ಬರೆಯಿರಿ ಎಂಬ ಒಂದೇ ನಿಯಮವನ್ನು ಎಲ್ಲರಿಗೂ ಹಾಕಿದರೆ ನಮ್ಮೂರಿನ ಕಯ್ಯಾರ ಕಿಞ್ಞಣ್ಣ ರೈಯವರು 'ರೈ' ಆಗುತ್ತಾರೆ. ಕಯ್ಯಾರ ಎಂದು ಹುಡುಕುವ ಮಗುವಿಗೆ ಅವರು ಸಿಗಬೇಡವೇ? ಅವರ ಹೆಸರಿನ 'ಞ್ಞ'ವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಜನ ನಾಲ್ಕು ರೀತಿ ಬರೆಯುತ್ತಾರೆ. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ ಎಂದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ. ಕನ್ನಡ ಬಲ್ಲವರು ಕೂತು ಹೆಸರುಗಳ ಪ್ರಮಾಣ ಪಟ್ಟಿ ಮಾಡಿ, ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸಬೇಕು.

ಮೂರು, ಹುಡುಕಾಟದ ಸೂಚಿ. ಕೋಹಾದಲ್ಲಿ ಈ ಕೆಲಸವನ್ನು 'ಝೀಬ್ರಾ' ಮಾಡುವಾಗ ಎರಡು ವಿಧಾನಗಳಿವೆ. ಒಂದು, ಅಕ್ಷರಗಳ ಕೋಷ್ಟಕವನ್ನು ನಂಬಿದ್ದು. ಕೋಷ್ಟಕದಲ್ಲಿ ಇಲ್ಲದ ಲಿಪಿಗೆ ಅಲ್ಲಿ ಗ್ಯಾರಂಟಿ ಇಲ್ಲ. ಇನ್ನೊಂದು 'ಐಸಿಯು', ಯುನಿಕೋಡ್ ಬಲ್ಲದ್ದು. ಕನ್ನಡಕ್ಕೆ ಬೇಕಾದದ್ದು ಎರಡನೆಯದು. ಮಲಯಾಳಕ್ಕೂ ಅದೇ ಒಳ್ಳೆಯದು, ಹಾಗಾಗಿ ಇದು ನಮಗೆ ಮಾಡುವ ಉಪಕಾರವೇನಲ್ಲ. ಒಂದು ಎಚ್ಚರಿಕೆ: ಕನ್ನಡಕ್ಕೆ ಬೇರೆ ದತ್ತಸಂಚಯ ತೆರೆದರೂ ಸೂಚಿಯ ನಿಯಮಗಳ ಕಡತವನ್ನು ಎಲ್ಲವೂ ಒಂದೇ ಕಡೆಯಿಂದ ಓದುತ್ತಿರಬಹುದು. ಹೆಸರಿಗೆ ಬೇರೆ ಮನೆ, ಒಲೆ ಮಾತ್ರ ಒಂದೇ! ಆ ದಾರಿಯನ್ನೂ ಬದಲಿಸಿದರೆ ಮಾತ್ರ ಬೇರೆ ಮಾಡಿದ್ದು ಸಾರ್ಥಕ.

ಈಗ ಆಕ್ಷೇಪಗಳು. "ಬೇರೆ ಮಾಡಿದರೆ ಒಟ್ಟಿಗೆ ಹುಡುಕಲಾಗದು" ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದ್ದರಿಂದಲೇ ಸಣ್ಣ ಗ್ರಂಥಾಲಯ ಒಂದೇ ದತ್ತಸಂಚಯ ಇಟ್ಟುಕೊಳ್ಳಲಿ, ಕನ್ನಡಕ್ಕೆ ಪ್ರತ್ಯೇಕ ನಮೂನೆ ಮಾಡಲಿ. ಹುಡುಕಾಟ ಒಟ್ಟಿಗೇ ಉಳಿಯುತ್ತದೆ. ಕನ್ನಡ ಸಂಗ್ರಹ ದೊಡ್ಡದಿದ್ದಲ್ಲಿ ಬೇರೆ ದತ್ತಸಂಚಯವೇ ಇರಲಿ. ಒಂದರ ದಾಖಲೆಯನ್ನು ಇನ್ನೊಂದರಿಂದ ಹುಡುಕಿ ತರಿಸಿಕೊಳ್ಳಲು ಝಡ್39.50 ಎಂಬ ವ್ಯವಸ್ಥೆ ಇದೆ. "ಖರ್ಚು" ಎನ್ನುತ್ತಾರೆ. ತಂತ್ರಾಂಶಕ್ಕೆ ಲೈಸೆನ್ಸ್ ಹಣವಿಲ್ಲ, ಯಂತ್ರ ಅದೇ. ಎರಡು ಬ್ಯಾಕಪ್ ಇಡಬೇಕು, ಕನ್ನಡ ಓದಬಲ್ಲ ಒಬ್ಬರು ಕೆಲವು ದಿನ ಕೂತು ತಿದ್ದಬೇಕು. ಅಷ್ಟೂ ಬೇಡವೆನ್ನುವವರು ಖರ್ಚಿನ ನೆಪ ಹೇಳದಿರಲಿ.

ಇದು ಮಲಯಾಳದ ವಿರುದ್ಧದ ಮಾತಲ್ಲ. ಕರ್ನಾಟಕದ ಯಾವುದೋ ಗ್ರಂಥಾಲಯದಲ್ಲಿ ಮಲಯಾಳ ಪುಸ್ತಕಗಳಿಗೆ ಕನ್ನಡದ ಅಚ್ಚು ಒತ್ತಿದರೂ ನಾನು ಇದನ್ನೇ ಹೇಳುತ್ತೇನೆ. ಡ್ಯೂಯಿ ವರ್ಗೀಕರಣದಲ್ಲಿ ಮಲಯಾಳ ಸಾಹಿತ್ಯಕ್ಕೆ 894.812, ಕನ್ನಡಕ್ಕೆ 894.814. ಅಕ್ಕಪಕ್ಕದವರು, ಆದರೆ ಒಬ್ಬರೇ ಅಲ್ಲ. ಚೀಟಿ ಚಿಕ್ಕದೆಂದು 894.81ಕ್ಕೆ ನಿಲ್ಲಿಸಿದರೆ ಇಬ್ಬರ ಗುರುತೂ ಹೋಗುತ್ತದೆ.

ಹೆತ್ತವರಲ್ಲಿ, ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ಪಿಟಿಎ ಸಭೆಯಲ್ಲೋ ಗ್ರಂಥಾಲಯ ಸಮಿತಿಯಲ್ಲೋ ಕೇಳಿ: ಕನ್ನಡ ಪುಸ್ತಕಕ್ಕೆ ಬೇರೆ ನಮೂನೆ ಇದೆಯೇ? ಭಾಷೆಯ ಮನೆಯಲ್ಲಿ ಮೊದಲೇ ಏನು ತುಂಬಿದೆ? ಕನ್ನಡ ಲಿಪಿಯಲ್ಲಿ ಹುಡುಕಿದರೆ ಪುಸ್ತಕ ಸಿಗುತ್ತದೆಯೇ? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಎದುರಲ್ಲೇ ಹುಡುಕಿಸಿ ನೋಡಿ. ಪುಸ್ತಕ ಇದ್ದೂ ಇಲ್ಲವೆನ್ನುವ ಪಟ್ಟಿಯನ್ನು ನಂಬಿ ನಮ್ಮ ಮಕ್ಕಳ ಪುಸ್ತಕಗಳನ್ನು ಕಳೆದುಕೊಳ್ಳುವುದು ಬೇಡ.