ಅಲೆ ಹುಡುಕುವುದನ್ನು ಬಿಡೋಣ

ಲೋಕಸಭಾ ಚುನಾವಣೆ ಬಂದರೆ ಡೆಸ್ಕಿನಿಂದ ನಮಗೆ ಬರುವ ಫೋನು ಒಂದೇ: ‘ನಿಮ್ಮ ಕಡೆ ಅಲೆ ಯಾರದ್ರೀ?’ ನಾವು ಚಹಾದಂಗಡಿಯಲ್ಲಿ ನಾಲ್ವರನ್ನು, ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರನ್ನು ಮಾತಾಡಿಸಿ ಒಂದು ಅಲೆ ಕಳಿಸಿಕೊಡುತ್ತೇವೆ. ಅದು ಅಚ್ಚಾಗುತ್ತದೆ. ಫಲಿತಾಂಶದ ಮರುದಿನ ಯಾರೂ ಅದನ್ನು ತೆಗೆದು ನೋಡುವುದಿಲ್ಲ.

ಈ ಅಲೆ ಕಥೆಗಳಲ್ಲಿ ಬಹಳ ಹೆಸರು ಮಾಡಿದ್ದು 2004ರದು. ‘ಇಂಡಿಯಾ ಶೈನಿಂಗ್’ ಎಂದು ಹೊರಟ ವಾಜಪೇಯಿ ಸರ್ಕಾರವನ್ನು ಹಸಿದ ಹಳ್ಳಿಗಳು ಮನೆಗೆ ಕಳಿಸಿದವು ಎಂದು ಡಿಪ್ಲೊಮಾ ತರಗತಿಯಲ್ಲೂ ನಾವು ಕೇಳಿದ್ದೆವು. ಕೇಳಲು ಚೆಂದ. ನಮ್ಮಂಥ ಹಳ್ಳಿಯವರಿಗಂತೂ ಹೆಮ್ಮೆ. ಆದರೆ ಲೆಕ್ಕ ಏನು ಹೇಳುತ್ತದೆ?

1999ರಲ್ಲಿ ಕಾಂಗ್ರೆಸ್ಸಿಗೆ ಶೇ. 28ರಷ್ಟು ಮತ, 114 ಸ್ಥಾನ. 2004ರಲ್ಲಿ ಮತ ಶೇ. 26.5ಕ್ಕೆ ಇಳಿಯಿತು, ಸ್ಥಾನ 145ಕ್ಕೆ ಏರಿತು. ಮತ ಕಡಿಮೆಯಾದ ಪಕ್ಷ ಸರ್ಕಾರ ಮಾಡಿತು. ಇದೆಂಥ ಅಲೆ?

ಆಟ ತಿರುಗಿದ್ದು ಮುಖ್ಯವಾಗಿ ಮೈತ್ರಿಯಲ್ಲಿ. ವಾಜಪೇಯಿ ಸರ್ಕಾರದಲ್ಲಿದ್ದ ಡಿಎಂಕೆ 2003ರ ಡಿಸೆಂಬರಿನಲ್ಲಿ ಹೊರನಡೆದು ಕಾಂಗ್ರೆಸ್ ಜೊತೆ ಕೈಜೋಡಿಸಿತು. ಆ ಕೂಟ ತಮಿಳುನಾಡಿನ 39ಕ್ಕೆ 39 ಸ್ಥಾನವನ್ನೂ ಬಾಚಿಕೊಂಡಿತು. ಬಿಜೆಪಿ 138, ಕಾಂಗ್ರೆಸ್ 145. ಇಬ್ಬರ ನಡುವಿನ ಅಂತರ ಏಳೇ ಏಳು.

ಹಳ್ಳಿಯ ಸಿಟ್ಟು ಸುಳ್ಳು ಎನ್ನುತ್ತಿಲ್ಲ. ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ಪಕ್ಷ 5 ಸ್ಥಾನಕ್ಕೆ ಕುಸಿದಿದ್ದರಲ್ಲಿ ರೈತರ ಸಂಕಟದ ಪಾಲು ದೊಡ್ಡದು. ಆದರೆ ನಮ್ಮಲ್ಲೂ ಬರ ಇತ್ತಲ್ಲ? ಕರ್ನಾಟಕದಲ್ಲಿ ಅದೇ ಬಿಜೆಪಿ 7ರಿಂದ 18ಕ್ಕೆ ಏರಿತು, ಕಾಂಗ್ರೆಸ್ 18ರಿಂದ 8ಕ್ಕೆ ಇಳಿಯಿತು. ಇಲ್ಲಿ ಸಿಟ್ಟು ಬಿದ್ದದ್ದು ಬೆಂಗಳೂರಿನಲ್ಲಿ ಕೂತವರ ಮೇಲೆ. ಒಂದೇ ಬರ, ರಾಜ್ಯಕ್ಕೊಂದು ತೀರ್ಪು. ಇದನ್ನೆಲ್ಲ ಕೂಡಿಸಿ ‘ದೇಶದ ಜನಾದೇಶ’ ಎಂದು ಬರೆದವರು ನಮ್ಮ ವೃತ್ತಿಯವರೇ.

ಇನ್ನು ಕೇರಳ. ಅಲ್ಲಿ 20ರಲ್ಲಿ 18 ಸ್ಥಾನ ಎಡರಂಗದ್ದು, ಕಾಂಗ್ರೆಸ್ಸಿಗೆ ಸೊನ್ನೆ. ಕಾಂಗ್ರೆಸ್ ಬೇಡ ಎಂದು ಗೆಲ್ಲಿಸಿಕೊಂಡ ಸಂಸದರೇ ದೆಹಲಿಯಲ್ಲಿ ಕಾಂಗ್ರೆಸ್ ಸರ್ಕಾರಕ್ಕೆ ಹೊರಗಿನಿಂದ ಹೆಗಲು ಕೊಟ್ಟರು. ಸಾಮಾನ್ಯ ಕನಿಷ್ಠ ಕಾರ್ಯಕ್ರಮ ಹೊರಬಂದದ್ದು ಮೇ ಕೊನೆಯಲ್ಲಿ. ಮತದಾನ ಮುಗಿದು, ಫಲಿತಾಂಶ ಬಂದು, ಮನಮೋಹನ್ ಸಿಂಗ್ ಪ್ರಮಾಣವಚನವನ್ನೂ ತೆಗೆದುಕೊಂಡ ಮೇಲೆ. ಆ ಪತ್ರದಲ್ಲಿದ್ದ ಉದ್ಯೋಗ ಖಾತ್ರಿ 2005ರಲ್ಲಿ ಕಾಯ್ದೆಯಾಗಿ ನಮ್ಮೂರ ಕೂಲಿಯವರ ಕೈಗೆ ಕೆಲಸ ಕೊಟ್ಟಿತು, ನಿಜ. 2008ರಲ್ಲಿ ಅಣು ಒಪ್ಪಂದದ ಜಗಳಕ್ಕೆ ಎಡಪಕ್ಷಗಳು ಬೆಂಬಲ ಹಿಂದಕ್ಕೆ ಪಡೆದದ್ದೂ ನಿಜ. ಸೇರುವಾಗಲೂ ಬಿಡುವಾಗಲೂ ಮತದಾರನನ್ನು ಕೇಳಿದವರಿಲ್ಲ.

ಮೈತ್ರಿ ಸರ್ಕಾರವೇ ಕೆಟ್ಟದ್ದು ಎಂಬ ಹಳೇ ರಾಗ ನಮ್ಮದಲ್ಲ. ಇಷ್ಟು ದೊಡ್ಡ ದೇಶದಲ್ಲಿ ನಾಲ್ಕು ಜನ ಕೂಡಿಯೇ ಸಂಸಾರ ಮಾಡಬೇಕಾದೀತು. ನಮ್ಮ ತಕರಾರು ಇಷ್ಟೇ: ಮದುವೆ ಮಾತುಕತೆ ಮೊದಲೇ ಊರಿಗೆ ಗೊತ್ತಾಗಲಿ.

ಅದಕ್ಕೆ ಕಾನೂನು ಬರುವ ತನಕ ಕಾಯಬೇಕಿಲ್ಲ. ಅಭ್ಯರ್ಥಿ ನಮ್ಮ ತಾಲ್ಲೂಕಿಗೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಬಹುಮತ ಬರದಿದ್ದರೆ ಯಾರ ಜೊತೆ ಹೋಗುತ್ತೀರಿ? ಯಾವ ಷರತ್ತಿನ ಮೇಲೆ? ಯಾವ ಕಾರಣಕ್ಕೆ ಹೊರಬರುತ್ತೀರಿ? ಉತ್ತರ ಕೊಟ್ಟರೆ ಅವರ ಮಾತಿನಲ್ಲೇ ಬರೆಯೋಣ. ‘ಹೈಕಮಾಂಡ್ ನೋಡ್ಕೊಳ್ತದೆ’ ಎಂದರೆ ಅದನ್ನೂ ಹಾಗೇ ಬರೆಯೋಣ.

ಅಲೆಯ ಸುದ್ದಿಗೆ ಸಿಗುವಷ್ಟು ಜಾಗ ಇದಕ್ಕೆ ಸಿಗಲಿಕ್ಕಿಲ್ಲ. ಡೆಸ್ಕು ಕತ್ತರಿಸಲೂಬಹುದು. ಆದರೂ ಕಳಿಸೋಣ. ಮತ ಹಾಕುವ ಮುನ್ನ ಓದುಗನಿಗೆ ಬೇಕಾದ ಸುದ್ದಿ ಇದು.